ಕೋಳಿ ಕೂರುತ್ತಿದ್ದ ಪೆಟ್ಟಿಗೆ

ಜಾರ್ವೊನ ಹಿತ್ತಲಲ್ಲಿ ಆ ಪೆಟ್ಟಿಗೆ ಬಿದ್ದು ಎರಡು ವರ್ಷವಾಗಿತ್ತು. ಮದುವೆಗೆ, ಸುನ್ನತಿಯ ಔತಣಕ್ಕೆ ಸೌಂಡ್ ಬಾಡಿಗೆ ಕೊಡುವ ಜಾರ್ವೊ ಈಗ ಲಾರಿ ತುಂಬ ಸ್ಪೀಕರ್ ಕಟ್ಟಿ ಊರೂರು ನಡುಗಿಸುವ ದೊಡ್ಡ ಮನುಷ್ಯ. ದಪ್ಪ ಸ್ವರವನ್ನಷ್ಟೇ ಗುಡುಗಿಸುವ ಸ್ಪೀಕರ್ ಪೆಟ್ಟಿಗೆ, ಈ ಹಳೆಯ ಸಬ್‌ವೂಫರ್, ಅವನಿಗೆ ಬೇಡವಾಗಿತ್ತು. ಅದರ ನೆತ್ತಿಯ ಮೇಲೆ ಕೋಳಿಗಳು ಮಲಗುತ್ತಿದ್ದವು.

"ಬೇಕಾದ್ರೆ ತಗೊಂಡೋಗಿ, ಬು ಮುರ್ತಿನಿ," ಎಂದ, ಪೆಟ್ಟಿಗೆ ಕೇಳಿ ಬಂದ ಹೆಂಗಸಿಗೆ 'ಬು', ಅಮ್ಮ, ಎಂಬ ಗೌರವ ಕೊಟ್ಟು. "ಆದ್ರೆ ಇದಕ್ಕೆ ಸ್ವಂತ ಉಸಿರಿಲ್ಲ. ಹೊರಗಿಂದ ಆಂಪ್ಲಿಫೈಯರ್ ತಳ್ಳಿದ್ರೆ ಮಾತ್ರ ಗುಡುಗುತ್ತೆ, ಇಲ್ದಿದ್ರೆ ಬರೀ ಮರ."

"ಆಂಪ್ಲಿಫೈಯರನ್ನ ಇದರ ಹೊಟ್ಟೆಯೊಳಗೇ ಕೂರಿಸಿದ್ರೆ?"

"ಕೂರಿಸೋರು ಯಾರು?"

"ನಾನು."

ಜಾರ್ವೊ ಅವಳ ಮುಖ ನೋಡಿದ, ತಮಾಷೆ ಅಲ್ಲ ಅಂತ ತಿಳಿದ ಮೇಲೆ ತಲೆ ಕೆರೆದುಕೊಂಡ. "ಸರಿ. ಕೋಳಿ ಮಾತ್ರ ಬಿಟ್ಟೋಗಿ."

ಗಂಡ ಗುನಾರ್ತೊ ತನ್ನ ಮೊಟ್ಟೆ ಸಾಗಿಸುವ ಪಿಕಪ್‌ನಲ್ಲಿ, ಖಾಲಿ ಮೊಟ್ಟೆತಟ್ಟೆಗಳ ನಡುವೆ ಅದನ್ನು ಮನೆಗೆ ತಂದ. ದಾರಿಯುದ್ದಕ್ಕೂ ಒಂದೇ ಮಾತು. "ಈ ಬ್ಲಿಟಾರ್ ಊರಿನ ಹೆಂಗಸರೆಲ್ಲ ಹೊಸ ರೈಸ್ ಕುಕ್ಕರ್ ಕೇಳ್ತಾರೆ. ನನ್ನ ಹೆಂಡ್ತಿ ಕೋಳಿ ಪಿಕ್ಕೆ ಬಳಿದ ಪೆಟ್ಟಿಗೆ ಕೇಳ್ತಾಳೆ."

"ರೈಸ್ ಕುಕ್ಕರೂ ಕೇಳ್ತೀನಿ ಮಾಸ್, ಅವಸರ ಮಾಡ್ಬೇಡ," ಎಂದಳು ಮುರ್ತಿನಿ. ಗಂಡನನ್ನು ಅವಳು 'ಮಾಸ್' ಎಂದೇ ಕರೆಯುತ್ತಿದ್ದಳು.

ಈ ಪೆಟ್ಟಿಗೆ ಯಾಕೆ ಬೇಕು ಎಂಬುದನ್ನು ಅವಳು ಗಂಡನಿಗೆ ಅರ್ಧ ಹೇಳಿದ್ದಳು. ಬೀದಿಯ ಹೆಂಗಸರು ಪ್ರತಿ ಭಾನುವಾರ ಬೆಳಗ್ಗೆ ಹಾಡು ಹಾಕಿಕೊಂಡು ಹೆಜ್ಜೆ ಹಾಕುವ ವ್ಯಾಯಾಮಕ್ಕೆ ಒಳ್ಳೆಯ ಸದ್ದು ಬೇಕು, ಇರುವ ಗಾಲಿ ಸ್ಪೀಕರ್ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತದೆ, ಸ್ವಾತಂತ್ರ್ಯೋತ್ಸವದ ಪಂದ್ಯಕ್ಕೆ ಇನ್ನು ಎಂಟೇ ದಿನ ಎಂದಿದ್ದಳು. ಅದೂ ನಿಜವೇ. ಉಳಿದ ಅರ್ಧ ಪೊನಿರಾ.

ಪೊನಿರಾ ಎರಡು ಮನೆ ಆಚೆ ಇದ್ದಳು, ತೆಂಪೆ ಮಾಡಿ ಮಾರುತ್ತಿದ್ದಳು. ಬೇಯಿಸಿದ ಸೋಯಾಕಾಳನ್ನು ಬಾಳೆಲೆಯಲ್ಲಿ ಕಟ್ಟಿಟ್ಟು, ಎರಡು ದಿನ ಅದು ಬಿಳಿ ಬೂಸ್ಟು ಹೊದ್ದು ಗಟ್ಟಿಯಾಗುವುದನ್ನು ಕಾಯುವ ಕೆಲಸ. ಪೊಟ್ಟಣ ಬಿಚ್ಚದೆ, ಮೇಲೆ ಅಂಗೈಯಿಟ್ಟು, ಒಳಗಿನ ಕಾವಿನಿಂದಲೇ ಯಾವುದು ಆಯಿತು, ಯಾವುದಕ್ಕೆ ಇನ್ನೊಂದು ಜಾವ ಬೇಕು ಎಂದು ಹೇಳುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಬಂದ ಒಂದು ಜ್ವರ ಹೋಗುವಾಗ ಅವಳ ಕಿವಿಯನ್ನೂ ಕರೆದುಕೊಂಡು ಹೋಗಿತ್ತು. ಆದರೂ ಭಾನುವಾರದ ಸಾಲಿಗೆ ಬರುತ್ತಿದ್ದಳು, ಪಕ್ಕದವರ ಕಾಲು ನೋಡಿಕೊಂಡು ಹೆಜ್ಜೆ ಹಾಕುತ್ತಿದ್ದಳು. ಹೋದ ವರ್ಷದ ಪಂದ್ಯದಲ್ಲಿ, ಊರೆಲ್ಲ ನೋಡುತ್ತಿದ್ದಾಗ, ಎಲ್ಲರೂ ಬಲಕ್ಕೆ ತಿರುಗಿದರೆ ಪೊನಿರಾ ಎಡಕ್ಕೆ ತಿರುಗಿದಳು. ತಿರುಗಿದ ರಭಸಕ್ಕೆ ಬೀದಿಯ ಮುಖ್ಯಸ್ಥನ ಹೆಂಡತಿ ಬು ಹಾರ್ತಿನಿಯ ಹೊಟ್ಟೆಗೆ ನೇರ ಡಿಕ್ಕಿ. ಇಬ್ಬರೂ ಹುಲ್ಲಿನ ಮೇಲೆ ಕೂತರು. ಮೈದಾನಕ್ಕೆ ಮೈದಾನವೇ ನಕ್ಕಿತು.

ಮುರ್ತಿನಿಯೂ ನಕ್ಕಿದ್ದಳು. ತಡೆಯಲಾಗದೆ, ಬಾಯಿಗೆ ಕೈ ಅಡ್ಡ ಹಿಡಿದು. ಕಿವಿ ಹೋದವರ ಕಣ್ಣಿಗೆ ಏನೂ ತಪ್ಪುವುದಿಲ್ಲ. ಪೊನಿರಾ ಎದ್ದು, ಸೊಂಟದ ಹುಲ್ಲು ಕೊಡವಿಕೊಂಡು, ಉಳಿದವರನ್ನೆಲ್ಲ ಬಿಟ್ಟು ಮುರ್ತಿನಿಯ ಆ ಕೈಯನ್ನೇ ನೋಡಿದ್ದಳು. ಆಮೇಲೆ ಯಾವ ಭಾನುವಾರವೂ ಬರಲಿಲ್ಲ. ದಿನಾ ಬೆಳಗ್ಗೆ ಮುರ್ತಿನಿಯ ಗೇಟಿಗೆ ತೆಂಪೆಯ ಚೀಲ ತೂಗುಹಾಕಿ, ಒಳಗೆ ನೋಡದೆ ಹೊರಟುಹೋಗುತ್ತಿದ್ದಳು.

ಈ ವರ್ಷ ತಂಡಕ್ಕೆ ಹತ್ತು ಜನ ಬೇಕು, ಇರುವುದು ಒಂಬತ್ತು. "ಪೊನಿರಾ ಬರಲ್ಲ ಬಿಡಿ. ಶನಿವಾರದೊಳಗೆ ಗೊತ್ತಾಗ್ಲಿಲ್ಲ ಅಂದ್ರೆ ಮಲಾಂಗ್‌ನಿಂದ ನನ್ನ ತಂಗಿ ಮಗಳನ್ನ ಕರೆಸ್ತೀನಿ," ಎಂದು ಬು ಹಾರ್ತಿನಿ ಸಾರಿಬಿಟ್ಟಿದ್ದಳು. ಒಮ್ಮೆ ಆ ಹುಡುಗಿ ಬಂದು ನಿಂತರೆ ಪೊನಿರಾಳ ಜಾಗ ಹೋದ ಹಾಗೆಯೇ. ಹಾಗಂತ ಬರಿಗೈಯಲ್ಲಿ ಅವಳ ಬಾಗಿಲಿಗೆ ಹೋಗಿ "ಬಾ" ಎನ್ನಲು ಮುರ್ತಿನಿಗೆ ಮುಖವಿರಲಿಲ್ಲ.

ದಾರಿ ತೋರಿಸಿದ್ದು ಜಾರ್ವೊನ ಲಾರಿ. ಒಂದು ಮಧ್ಯಾಹ್ನ ಅದು ದೂರದ ತಿರುವಿನಲ್ಲಿರುವಾಗಲೇ, ಬೀದಿಯಲ್ಲಿ ಬೇರೆ ಯಾರೂ ತಲೆಯೆತ್ತುವ ಮೊದಲೇ, ಪೊನಿರಾ ಅಂಗಳಕ್ಕೆ ಬಂದು ನಿಂತಳು. ಒಂದು ಕೈ ಎದೆಯ ಮೇಲಿತ್ತು. ಅವಳ ಬರಿಗಾಲಿನ ಹೆಬ್ಬೆರಳು ಮಣ್ಣಿನ ಮೇಲೆ ತಾಳ ಹಾಕುತ್ತಿತ್ತು, ಒಂದೂ ತಪ್ಪದೆ. ಗೇಟಿನ ಸಂದಿಯಿಂದ ನೋಡಿದ ಮುರ್ತಿನಿಯ ಕೈಯ ಪೊರಕೆ ಕೈಯಲ್ಲೇ ಉಳಿಯಿತು. ಹಾಡು ಹೋಗಿದ್ದರೂ ಮೈಗೆ ಬಡಿಯುವ ತಾಳದ ಪೆಟ್ಟು ಅವಳ ಪಾಲಿಗೆ ಉಳಿದಿದೆ! ಆ ಗಾಲಿ ಸ್ಪೀಕರ್‌ಗೆ ಇಲ್ಲದ್ದೇ ಅದು.

ಸೋಲ್ಡರ್ ಹಾಕುವುದು, ತವರ ಕರಗಿಸಿ ತಂತಿ ಬೆಸೆಯುವುದು, ಮುರ್ತಿನಿಗೆ ಹೊಸದಾಗಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಅವಳೂ ಪೊನಿರಾಳೂ ಒಂದೇ ಹಡಗು ಹತ್ತಿ ಬಾತಾಮ್ ದ್ವೀಪದ ಕಾರ್ಖಾನೆಗೆ ಹೋಗಿದ್ದರು. ಆರು ವರ್ಷ ಅಕ್ಕಪಕ್ಕದ ಸ್ಟೂಲು. ಮುಂದೆ ಸಾಗಿ ಬರುವ ಹಸಿರು ಬೋರ್ಡುಗಳಿಗೆ ದಿನವಿಡೀ ಸೋಲ್ಡರ್ ಹಾಕುವುದು. ಆ ಬೋರ್ಡು ರೇಡಿಯೋ ಆಯಿತೋ, ಇನ್ನೇನಾಯಿತೋ, ಕೊನೆಗೂ ಗೊತ್ತಾಗಲಿಲ್ಲ. ಸಾಲಿನಲ್ಲಿ ಮಾತಾಡುವ ಹಾಗಿರಲಿಲ್ಲ. ಅದಕ್ಕೆ ಇಬ್ಬರೂ ಬೆರಳಿನ ಭಾಷೆ ಕಟ್ಟಿಕೊಂಡಿದ್ದರು. ಕಿರುಬೆರಳಿಂದ ಮೂಗು ಒರೆಸಿದರೆ ಮೇಲ್ವಿಚಾರಕಿ ಬರುತ್ತಿದ್ದಾಳೆ ಅಂತ. ಎರಡು ಬೆರಳು ಹೊಟ್ಟೆಗೆ ತಾಗಿಸಿದರೆ ಹಸಿವು. ಅಂಗೈಯನ್ನು ಮೇಲೆ ಕೆಳಗೆ ಮಗುಚಿದರೆ, "ಉಲ್ಟಾ ಹಾಕಿದ್ದೀಯ, ನೋಡ್ಕೋ." ಮದುವೆಯಾಗಿ ಊರಿಗೆ ಬಂದ ಮೇಲೆ ಆ ಕೈಗೆ ಕೆಲಸವಿರಲಿಲ್ಲ. ಆ ಆರು ವರ್ಷವನ್ನು ಗಂಡನ ಮನೆಯವರು ಯಾವತ್ತೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಡಚಿ ಪೆಟ್ಟಿಗೆಯ ತಳದಲ್ಲಿಟ್ಟ ಒಳ್ಳೆಯ ಸೀರೆಯಂತೆ ಅದು ಅಲ್ಲೇ ಇತ್ತು.

ಪೇಟೆಯ ಅಂಗಡಿಯವನು ಸಾಮಾನು ಕಟ್ಟಿಕೊಡುವಾಗ ಅವಳ ಹಿಂದೆ ನಿಂತ ಗುನಾರ್ತೊನಿಗೆ ಎಲ್ಲ ವಿವರಿಸತೊಡಗಿದ. ದಪ್ಪ ಸ್ವರವನ್ನಷ್ಟೇ ಸೋಸಿ ಬಿಡುವ ಆಂಪ್ಲಿಫೈಯರ್ ಬೋರ್ಡು, ಟ್ರಾನ್ಸ್‌ಫಾರ್ಮರು, ಬಿಸಿ ಹೀರುವ ಅಲ್ಯೂಮಿನಿಯಂ ರೆಕ್ಕೆ. ಗುನಾರ್ತೊ ಸ್ವಲ್ಪ ಹೊತ್ತು ತಲೆಯಾಡಿಸಿ, "ನಂಗೆ ಮೊಟ್ಟೆ ವಿಷ್ಯ ಹೇಳಣ್ಣ, ಇದನ್ನೆಲ್ಲ ಅವಳಿಗೆ ಹೇಳು," ಎಂದ. ಆ ಮಾತು ಮುರ್ತಿನಿಗೆ ಮನೆ ತಲುಪುವ ತನಕ ಬಾಯಲ್ಲಿ ಬೆಲ್ಲದಂತಿತ್ತು.

ಪೆಟ್ಟಿಗೆಯನ್ನು ಮೊದಲು ಸೋಪುನೀರಲ್ಲಿ ಒರೆಸಿದಳು. ಹಿಂಬದಿಯ ಹಲಗೆಯಲ್ಲಿ ಪುಸ್ತಕದಷ್ಟು ಅಗಲದ ಕಿಂಡಿ ಕೊಯ್ದಳು. ಗರಗಸ ಹಿಡಿಯಲು ಬಂದ ಗಂಡನಿಗೆ ಪೆಟ್ಟಿಗೆ ಅಲುಗದ ಹಾಗೆ ಮೇಲೆ ಕೂರುವ ಕೆಲಸ ಕೊಟ್ಟಳು. "ಕೋಳಿ ಜಾಗಕ್ಕೆ ನಂಗೆ ಬಡ್ತಿ ಸಿಕ್ತು," ಎಂದ ಅವನು. ಕಿಂಡಿಯ ಒಳಗೆ ಸಣ್ಣ ಹಲಗೆಗಳಿಂದ ಬೇರೊಂದು ಗೂಡು ಮಾಡಿ, ಸಂದುಗಳಿಗೆಲ್ಲ ಅಂಟು ಬೆರೆಸಿದ ಮರದ ಹೊಟ್ಟು ಮೆತ್ತಿದಳು. ದೊಡ್ಡ ಕೋಣೆಯ ಗಾಳಿ ಸೋರಿದರೆ ಗುಡುಗಿನ ಬದಲು ಸೀಟಿ ಹೊಡೆಯುತ್ತದೆ. ಉಳಿದ ಗೋಡೆಗಳಿಗೆ ಹಳೆಯ ದಿಂಬಿನ ಬೂರುಗದ ಹತ್ತಿಯನ್ನು ಬಟ್ಟೆಯಲ್ಲಿ ಹೊಲಿದು ಹೊದಿಸಿದಳು.

ಸೋಲ್ಡರ್ ಕಡ್ಡಿ ಕಾದು ಮೊದಲ ಹೊಗೆ ಎದ್ದಾಗ ಆ ವಾಸನೆಯನ್ನು ಮೂಗು ತುಂಬ ಎಳೆದುಕೊಂಡಳು. ಬಿಸಿ ತವರದ ಹನಿ ತಂತಿಯನ್ನು ಅಪ್ಪಿ, ಹೊಳೆದು, ಗಟ್ಟಿಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಮಂಡಿ ನೋವು ಬಂದಿತ್ತು, ಕಣ್ಣಿಗೆ ಕನ್ನಡಕ ಬಂದಿತ್ತು. ಕೈಗೆ ಮಾತ್ರ ವಯಸ್ಸೇ ಆಗಿರಲಿಲ್ಲ.

ಗುರುವಾರ ಸಂಜೆ ಸಬ್‌ವೂಫರ್ ಒಂದನ್ನೇ ಹಾಕಿ ನೋಡಿದಳು. ಢಂ ಎಂದಿತು. ಹೆಂಚು ನಡುಗಿತು, ಗಾಜಿನ ಬೀರುವಿನಲ್ಲಿದ್ದ ಮದುವೆಯ ಪಿಂಗಾಣಿ ತಟ್ಟೆಗಳು ಹಲ್ಲು ಕಡಿದವು, ಜಂತೆಯಿಂದ ಹಲ್ಲಿಯೊಂದು ಗುನಾರ್ತೊನ ಕಾಫಿ ಲೋಟದ ಪಕ್ಕಕ್ಕೆ ಬಿತ್ತು. "ಸಾಕು ಸಾಕು!" ಎಂದು ಕಿರುಚುತ್ತಲೇ ಅವನು ಎದ್ದು ಕುಣಿಯತೊಡಗಿದ್ದ.

ಮರುದಿನ ಬೆಳಗ್ಗೆ ಹೆಂಗಸರನ್ನೆಲ್ಲ ಅಂಗಳಕ್ಕೆ ಕರೆದಳು. ಫೋನಿನಿಂದ ಎರಡು ಕವಲಿನ ವೈರ್ ಎಳೆದು, ಒಂದನ್ನು ಗಾಲಿ ಸ್ಪೀಕರ್‌ಗೆ, ಒಂದನ್ನು ತನ್ನ ಪೆಟ್ಟಿಗೆಗೆ ಕೊಟ್ಟಳು. ಹಾಡು ಶುರುವಾಯಿತು. ಎಲ್ಲರೂ ಗುಡುಗಿಗೆ ಕಾದರು. ಗುಡುಗು ಬರಲಿಲ್ಲ. ಗಾಲಿ ಸ್ಪೀಕರ್‌ನಲ್ಲಿ ಮೊದಲಿದ್ದ ಅಲ್ಪಸ್ವಲ್ಪ ದಪ್ಪ ಸ್ವರವೂ ಮಾಯವಾಯಿತು.

ಬು ಹಾರ್ತಿನಿ ಎರಡು ಸಲ ಸ್ವಿಚ್ ಹಾಕಿ ತೆಗೆದು ಪರೀಕ್ಷಿಸಿದಳು. "ಇದೇನು ಬು, ದೊಡ್ಡದನ್ನ ಹಾಕಿದ್ರೆ ಸದ್ದು ಕಡಿಮೆ ಆಗುತ್ತೆ, ಆರಿಸಿದ್ರೆ ಜಾಸ್ತಿ ಆಗುತ್ತೆ! ನಮ್ಮ ಮನೆಯವರ ಭಾಷಣಕ್ಕೆ ಬೇಕಾಗಿತ್ತು ನೋಡಿ ಇಂಥದ್ದು."

ಎಲ್ಲರೂ ನಕ್ಕರು, ಮುರ್ತಿನಿಯೂ ನಕ್ಕಳು. ನಗುತ್ತಲೇ ವೈರುಗಳನ್ನು ಒಂದೊಂದಾಗಿ ಕಿತ್ತಳು. ಹೋಗುವಾಗ ಬು ಹಾರ್ತಿನಿ ಅವಳ ಭುಜ ತಟ್ಟಿದಳು. "ಬೇಜಾರು ಮಾಡ್ಕೋಬೇಡಿ. ನಾಳೆ ತಂಗಿ ಮಗಳಿಗೆ ಫೋನ್ ಮಾಡ್ತೀನಿ."

ಆ ಮಧ್ಯಾಹ್ನವೆಲ್ಲ ಮುರ್ತಿನಿ ಪೆಟ್ಟಿಗೆ ಬಿಚ್ಚಿದಳು, ಮುಚ್ಚಿದಳು, ಮತ್ತೆ ಬಿಚ್ಚಿದಳು. ಕನ್ನಡಕ ಮೂಗಿಗಿಳಿಸಿ ಒಂದೊಂದೇ ಬೆಸುಗೆ ನೋಡಿದಳು. ಎಲ್ಲವೂ ಮುತ್ತಿನಂತೆ ಹೊಳೆಯುತ್ತಿದ್ದವು. ಒಂದನ್ನೇ ಹಾಕಿದರೆ ಸಿಂಹ, ಜೊತೆಗೆ ಹಾಕಿದರೆ ಬೆಕ್ಕು. ಶನಿವಾರ ಬೆಳಗ್ಗೆ, ಇನ್ನೇನು ಸೋತೆ ಎಂದುಕೊಳ್ಳುತ್ತ, ಎರಡನ್ನೂ ಅಂಗಳಕ್ಕೆ ತಂದಿಟ್ಟು ಒಂದಾದ ಮೇಲೊಂದು ಹಾಕಿ ಆರಿಸುತ್ತ ಕೂತಿದ್ದಳು.

ಗೇಟು ಕಿರ್ರೆಂದಿತು. ತೆಂಪೆಯ ಚೀಲ ಹಿಡಿದ ಪೊನಿರಾ ಒಳಗೆ ಬಂದಿದ್ದಳು. ಗೇಟಿನ ಕಂಬಿ ಕೈಯಲ್ಲಿ ನಡುಗಿದ್ದೇ ಅವಳನ್ನು ಒಳಗೆಳೆದಿತ್ತು.

"ಏನೇ ಇದು ಮುರ್?" ಎಂದಳು, ಕಿವಿ ಕೇಳದವರ ಗಟ್ಟಿ ದನಿಯಲ್ಲಿ. ಒಂದು ವರ್ಷದಲ್ಲಿ ಅವಳಾಡಿದ ಮೊದಲ ಮಾತು. "ನೆಲದೊಳಗೆ ಎಮ್ಮೆ ಓಡಾಡಿದಂಗಿದೆ."

ಮುರ್ತಿನಿ ಎದ್ದು ನಿಂತಳು. ಪೆಟ್ಟಿಗೆ ತೋರಿಸಿದಳು, ತನ್ನ ಎದೆ ತೋರಿಸಿ "ನಾನೇ ಮಾಡಿದ್ದು" ಎಂದಳು, ಆಮೇಲೆ ಕೈ ಚೆಲ್ಲಿದಳು, ಕೆಟ್ಟಿದೆ ಅಂತ.

ಪೊನಿರಾ ಚೀಲ ಕೆಳಗಿಟ್ಟು ಎರಡು ಸ್ಪೀಕರ್‌ಗಳ ನಡುವೆ ಕುಕ್ಕರಗಾಲಲ್ಲಿ ಕೂತಳು. ಆಡು ಒದ್ದು ಮುರಿದ ದಿನದಿಂದ ಗಾಲಿ ಸ್ಪೀಕರ್‌ಗೆ ಮುಂದಿನ ಜಾಲರಿ ಇರಲಿಲ್ಲ. ಅದರ ಕಪ್ಪು ಬಟ್ಟಲಿಗೆ ಎಡ ಅಂಗೈ ತಾಗಿಸಿದಳು, ಸಬ್‌ವೂಫರಿನ ಬಟ್ಟಲಿಗೆ ಬಲ ಅಂಗೈ. ತೆಂಪೆ ಪೊಟ್ಟಣದ ಕಾವು ನೋಡುವಾಗಿನಂತೆ ಕಣ್ಣು ಮುಚ್ಚಿದಳು. "ಹಾಕು."

ಮುರ್ತಿನಿ ನಿಧಾನದ ಹಾಡೊಂದನ್ನು ಹಾಕಿದಳು. ಪೊನಿರಾಳ ಹುಬ್ಬು ಗಂಟಾಯಿತು. ಮತ್ತೆ ಹಾಕಿಸಿದಳು. ಮೂರನೆಯ ಸಲ ಅವಳ ತುಟಿಯಂಚು ಮೆಲ್ಲಗೆ ಅರಳಿತು. ಕಣ್ಣು ತೆರೆದು ಮುರ್ತಿನಿಯನ್ನೇ ನೋಡುತ್ತ, ಬಲಗೈ ಎತ್ತಿ ಅಂಗೈಯನ್ನು ಮಗುಚಿದಳು. ಮೇಲೆ. ಕೆಳಗೆ.

ಉಲ್ಟಾ ಹಾಕಿದ್ದೀಯ, ನೋಡ್ಕೋ.

"ಇದು ಕೈಗೆ ಗುದ್ದಿದಾಗ ಅದು ಕೈಯನ್ನ ಒಳಗೆ ಎಳ್ಕೊಳ್ಳುತ್ತೆ," ಎಂದಳು ಪೊನಿರಾ. "ಒಬ್ಬಳು ಬಲಕ್ಕೆ, ಒಬ್ಬಳು ಎಡಕ್ಕೆ. ಹೋದ ವರ್ಷದ ನನ್ನ ಹಾಗೆ."

ಮುರ್ತಿನಿ ಹಿಂಬದಿಯ ತಿರುಪು ಬಿಚ್ಚಿ ಒಳಗೆ ನೋಡಿದಳು. ಬೆಸುಗೆ ಹೊಳೆಯುತ್ತಿದೆಯೇ ಎಂದು ಹತ್ತು ಸಲ ನೋಡಿದ್ದವಳು, ಅದು ಕೂತ ಜಾಗ ಸರಿಯೇ ಎಂದು ಒಮ್ಮೆಯೂ ನೋಡಿರಲಿಲ್ಲ. ಬಾತಾಮ್‌ನ ಸಾಲಿನಲ್ಲಿ ಬೋರ್ಡುಗಳು ಯಾವಾಗಲೂ ಬೆನ್ನು ಮೇಲಾಗಿ ಬರುತ್ತಿದ್ದವು. ಮುಖದಲ್ಲಿ ಎಡಕ್ಕಿದ್ದದ್ದು ಬೆನ್ನಿನಲ್ಲಿ ಬಲಕ್ಕೆ. ಆರು ವರ್ಷ ಕನ್ನಡಿಯೊಳಗಿನ ಜಗತ್ತಿನಲ್ಲೇ ಕೆಲಸ ಮಾಡಿದ ಕೈ ಅದು. ಈ ಬೋರ್ಡು ಮುಖ ಮೇಲಾಗಿ ಮಲಗಿತ್ತು; ಕೈ ಹಳೆಯ ನಂಬಿಕೆಯಲ್ಲೇ ಕೆಂಪು ವೈರನ್ನು ಕಪ್ಪಿನ ಜಾಗದಲ್ಲಿ, ಕಪ್ಪನ್ನು ಕೆಂಪಿನ ಜಾಗದಲ್ಲಿ ಕೂರಿಸಿತ್ತು. ಒಂದು ತಳ್ಳುವಾಗ ಇನ್ನೊಂದು ಎಳೆದು, ಎರಡೂ ಸೇರಿ ಸೊನ್ನೆಯಾಗಿದ್ದವು.

"ಬಾತಾಮ್ ಕೈ," ಎಂದಳು ಪೊನಿರಾಳಿಗೆ ತುಟಿ ಕಾಣುವಂತೆ ತಿರುಗಿ. ಪೊನಿರಾ ತಟ್ಟನೆ ಅರ್ಥ ಮಾಡಿಕೊಂಡು ತೊಡೆ ತಟ್ಟಿ ನಕ್ಕಳು. ಈ ನಗುವನ್ನು ಅರ್ಥ ಮಾಡಿಕೊಳ್ಳುವವರು ಆ ಜಿಲ್ಲೆಯಲ್ಲಿ ಅವರಿಬ್ಬರೇ ಇದ್ದರೇನೋ.

ಕಡ್ಡಿ ಕಾಯುವವರೆಗೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು. ಮುರ್ತಿನಿ ಒಂದು ವರ್ಷದಿಂದ ಕಟ್ಟಿಟ್ಟುಕೊಂಡಿದ್ದನ್ನು ಬಿಡಿಬಿಡಿಯಾಗಿ ಹೇಳಿದಳು. "ಯು, ಅವತ್ತು ನಾನೂ ನಕ್ಕೆ." ಪೊನಿರಾ ಎರಡು ವರ್ಷ ಹಿರಿಯಳು, ಬಾತಾಮ್‌ನ ಕಾಲದಿಂದಲೂ ಅವಳು 'ಯು', ಅಕ್ಕ.

"ನೋಡಿದೆ."

"ತಪ್ಪಾಯ್ತು."

"ನಗದೆ ಇನ್ನೇನು ಮಾಡ್ತೀಯ? ಬು ಹಾರ್ತಿನಿಯ ಹೊಟ್ಟೆಗೆ ಗುದ್ದಿದ್ರೆ ನಾನಾಗಿದ್ರೂ ನಗ್ತಿದ್ದೆ. ಅಕ್ಕಿ ಮೂಟೆ ಥರ ಉರುಳಿದ್ಲಲ್ಲ!" ಪೊನಿರಾ ನಕ್ಕು, ಆಮೇಲೆ ಗೇಟಿನತ್ತ ನೋಡಿದಳು. "ನಗು ಅಲ್ಲ ಕಣೇ ಮುರ್. ಅದಾದ್ಮೇಲೆ ನೀನು ಬಂದು 'ಹೆಂಗಿದೀಯ ಯು' ಅನ್ಲಿಲ್ಲ. ಕಿವಿ ಕೇಳದವಳ ಹತ್ರ ಏನು ಮಾತಾಡೋದು ಅಂತ ನೀನೂ ಬಿಟ್ಯಾ ಅನ್ಕೊಂಡೆ. ಮುನ್ನೂರು ದಿನ ನಿನ್ ಗೇಟಿಗೆ ತೆಂಪೆ ನೇತುಹಾಕಿದೆ. ಒಂದು ದಿನ ಗೇಟು ತೆಗೀಬಾರ್ದಾ?"

ಮುರ್ತಿನಿ ಹತ್ತಿರ ಸರಿದು ಕೂತಳು. ತಾನು ಹೆದರಿದ್ದು ಅವಳ ಸಿಟ್ಟಿಗೆ ಎಂದುಕೊಂಡಿದ್ದಳು. ಹಾಗಲ್ಲ, ತನ್ನದೇ ನಾಚಿಕೆಗೆ. ಗೆಳತಿಯ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡಳು. ಸೋಯಾ ವಾಸನೆಯ ಬಿಸಿ ಕೈ.

"ಇದನ್ನ ನಿಂಗೋಸ್ಕರ ಮಾಡಿದೆ," ಎಂದಳು. "ನಾಳೆ ಬರ್ತೀಯಾ?"

ಪೊನಿರಾ ಪೆಟ್ಟಿಗೆಯನ್ನು, ಅದರ ಹೊಲಿದ ಹತ್ತಿಯನ್ನು, ಹಿಂದೆ ಹೊರಚಾಚಿದ ರೆಕ್ಕೆಯನ್ನು ಬಹಳ ಹೊತ್ತು ನೋಡಿದಳು. "ಮೊದ್ಲು ವೈರ್ ಬದಲಾಯಿಸು," ಎಂದಳು. "ಆಮೇಲೆ ನೋಡೋಣ."

ವೈರ್ ಬದಲಾಯಿಸಿ ಎರಡನ್ನೂ ಹಾಕಿದಾಗ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಹೆಂಗಸರು ತಲೆಯ ಟವೆಲು ಸಮೇತ ಓಡಿಬಂದರು. ಅಂಗಳದ ನಡುವೆ ಚಪ್ಪಲಿ ಬಿಟ್ಟ ಪೊನಿರಾ ಒಂದು ಹೆಜ್ಜೆಯೂ ತಪ್ಪದೆ ಕುಣಿಯುತ್ತಿದ್ದಳು. ಬು ಹಾರ್ತಿನಿ ಬಾಗಿಲಲ್ಲೇ ನಿಂತು ಫೋನ್ ತೆಗೆದಳು. "ಹಲೋ, ಬರೋದು ಬೇಡಮ್ಮ. ಜಾಗ ಇಲ್ಲ."

ಗಾಲಿ ಸ್ಪೀಕರನ್ನು ಚಾರ್ಜ್ ಮಾಡಿ ತರುವ ಹೊಣೆ ಬು ಹಾರ್ತಿನಿಯದು. ಭಾನುವಾರ ಮೈದಾನದಲ್ಲಿ ಒಂದೊಂದು ಬೀದಿಯ ತಂಡವೂ ತನ್ನ ತನ್ನ ಸ್ಪೀಕರ್ ಎದುರಿಟ್ಟುಕೊಂಡು ನಿಂತಿತ್ತು. ಮುರ್ತಿನಿ ತನ್ನ ಪೆಟ್ಟಿಗೆಯನ್ನು ಮೇಜಿನ ಮೇಲಿಡಲು ಬಿಡದೆ ನೆಲಕ್ಕೇ ಇಡಿಸಿ, ಪಂಚಾಯ್ತಿ ಕಟ್ಟಡದಿಂದ ಕರೆಂಟ್ ಎಳೆಸಿದಳು. ಪೊನಿರಾ ಮುಂದಿನ ಸಾಲಲ್ಲಿ, ಬರಿಗಾಲಲ್ಲಿ.

ಅರ್ಧ ಹಾಡು ಚೆಂದವಾಗಿ ಹೋಯಿತು. ಆಮೇಲೆ ಗಾಲಿ ಸ್ಪೀಕರ್ ಒಮ್ಮೆ ಬಿಕ್ಕಿ, ಕೆಂಪು ದೀಪ ಮಿನುಗಿಸಿ, ಸತ್ತುಹೋಯಿತು. ಹಾಡಿಲ್ಲ, ಕೊಳಲಿಲ್ಲ, ಹಾಡುವವಳ ದನಿಯಿಲ್ಲ. ಕರೆಂಟಿನ ಮೇಲಿದ್ದ ಕೋಳಿ ಪೆಟ್ಟಿಗೆಯೊಂದೇ ಢಂ, ಢಂ, ಢಢಂ ಎನ್ನುತ್ತಿತ್ತು. ಹಾಡನ್ನೇ ನೆಚ್ಚಿಕೊಂಡಿದ್ದ ಒಂಬತ್ತು ಹೆಂಗಸರೂ ಕೈ ಎಲ್ಲಿ, ಕಾಲೆಲ್ಲಿ ಎಂದು ತಡಕಾಡಿದರು. ಒಬ್ಬಳು ಕುಳಿತಳು, ಒಬ್ಬಳು ಎದ್ದಳು.

ಪೊನಿರಾಳಿಗೆ ಏನೂ ಗೊತ್ತಾಗಲಿಲ್ಲ. ಅವಳ ಹಾಡು ನಿಂತೇ ಇರಲಿಲ್ಲ. ತೋಳು ಬೀಸಿ, ಸೊಂಟ ತಿರುಗಿಸಿ, ಮುಖದ ತುಂಬ ನಗು ಹೊತ್ತು ಮುಂದೆ ಸಾಗುತ್ತಲೇ ಇದ್ದಳು. ಮುರ್ತಿನಿ ತಟ್ಟನೆ ತನ್ನ ಕಣ್ಣನ್ನು ಅವಳ ಪಾದಕ್ಕೆ ನೆಟ್ಟಳು. "ಪೊನಿರಾನ ಕಾಲು ನೋಡಿ!" ಎಂದು ಕೂಗಿದಳು. ಒಬ್ಬೊಬ್ಬರಾಗಿ ಎಲ್ಲರೂ ಆ ಬರಿಗಾಲನ್ನು ಹಿಡಿದುಕೊಂಡರು. ಎರಡೂ ಸಾಲಿನ ಹೆಜ್ಜೆ ಒಂದಾಯಿತು. ತಿರುವು ಬಂದಾಗ ಪೊನಿರಾ ಬಲಕ್ಕೆ ತಿರುಗಿದಳು, ಒಂಬತ್ತು ಜನವೂ ಅವಳ ಬೆನ್ನಿಗೆ ಬಲಕ್ಕೆ ತಿರುಗಿದರು. ಬು ಹಾರ್ತಿನಿ ಮಾತ್ರ ಮುನ್ನೆಚ್ಚರಿಕೆಗೆ ಹೊಟ್ಟೆಗೆ ಕೈ ಅಡ್ಡ ಹಿಡಿದಿದ್ದಳು. ಮೈದಾನ ಚಪ್ಪಾಳೆಯಲ್ಲಿ ತಾಳ ಹಿಡಿಯಿತು. ಗುನಾರ್ತೊ ಪಿಕಪ್ ಮೇಲೆ ನಿಂತು, "ಅದು ನನ್ನ ಹೆಂಡ್ತಿ ಮಾಡಿದ ಪೆಟ್ಟಿಗೆ! ಮೇಲೆ ಕೂತವನು ನಾನು!" ಎಂದು ಪಕ್ಕದ ಊರಿನವರಿಗೆಲ್ಲ ಸಾರುತ್ತಿದ್ದ.

ಮೊದಲ ಬಹುಮಾನ ಬೇರೆ ಬೀದಿಗೆ ಹೋಯಿತು. ಇವರಿಗೆ ಸಿಕ್ಕಿದ್ದು ಎರಡನೆಯದು, ಒಂದು ರೈಸ್ ಕುಕ್ಕರ್. ಹತ್ತು ಜನಕ್ಕೆ ಒಂದು ಕುಕ್ಕರ್ ಹೇಗೆ ಹಂಚುವುದೆಂಬ ಜಗಳ ಆಗಲೇ ಶುರುವಾಗಿತ್ತು. ಪೊನಿರಾ ಬೆವರು ಒರೆಸಿಕೊಂಡು ಸಬ್‌ವೂಫರಿನ ಮೇಲೆ ಕೂತಿದ್ದಳು, ಮುರ್ತಿನಿ ಅವಳಿಗೊತ್ತಿ. ಎಲ್ಲರೂ ಯಾಕೆ ತನ್ನ ಬೆನ್ನು ತಟ್ಟಿದರು ಅಂತ ಅವಳಿಗೆ ಈಗಷ್ಟೇ ತಿಳಿದಿತ್ತು.

"ಹಾಡು ನಿಂತಿತ್ತಾ? ನಿಜವಾಗ್ಲೂ?"

"ನಿಂತಿತ್ತು ಯು."

"ಅಯ್ಯೋ ಪಾಪ," ಎಂದಳು ಪೊನಿರಾ, ಉಳಿದ ಒಂಬತ್ತು ಜನರ ಬಗ್ಗೆ ಮನಸಾರೆ ಮರುಗಿ. "ಚಾರ್ಜ್ ಯಾಕೆ ಹೋಯ್ತು?"

"ಬು ಹಾರ್ತಿನಿ ನಿನ್ನೆ ಸಂಜೆಯೆಲ್ಲ ಮನೇಲಿ ಅದಕ್ಕೆ ಮೈಕ್ ಹಾಕ್ಕೊಂಡು ಹಾಡಿದ್ರಂತೆ. ಆಮೇಲೆ ವೈರ್ ಸಿಗಿಸಿದ್ರಂತೆ, ಸ್ವಿಚ್ ಹಾಕೋದು ಮರೆತ್ರಂತೆ."

ಅಷ್ಟರಲ್ಲಿ ಬು ಹಾರ್ತಿನಿ ಮೈದಾನದ ಆಚೆಯಿಂದ ಮುಖ ಸಣ್ಣದು ಮಾಡಿಕೊಂಡು, ಕೈಯಲ್ಲಿ ಬೆಲ್ಲ ಹಾಕಿ ಕರಿದ ಬಾಳೆಹಣ್ಣಿನ ತಟ್ಟೆ ಹಿಡಿದು ಇವರತ್ತಲೇ ಬರುತ್ತಿದ್ದಳು. ಪೊನಿರಾ ಅವಳನ್ನು ನೋಡಿದಳು. ನೋಡಿ, ಗಂಭೀರವಾಗಿ ಎದುರಿಗೆ ಮುಖ ಮಾಡಿ, ಕಿರುಬೆರಳಿಂದ ಮೂಗು ಒರೆಸಿಕೊಂಡಳು.

ಮುರ್ತಿನಿ ಬಾಯಿಗೆ ಕೈ ಅಡ್ಡ ಹಿಡಿಯಲು ಹೋದವಳು, ಈ ಸಲ ಹಿಡಿಯಲಿಲ್ಲ. ತಲೆ ಹಿಂದಕ್ಕೆ ಚೆಲ್ಲಿ, ಗೆಳತಿಗೆ ಪೂರ್ತಿ ಕಾಣುವ ಹಾಗೆ, ನಕ್ಕೇ ನಕ್ಕಳು.